ಮೇಕನ್ ಕೌಂಟಿಯ ದಫ್ತರ

ನಾನು ಈಗ ವಾಸವಾಗಿರುವ ಆಬರ್ನ್ ಪಟ್ಟಣದಿಂದ ಟಸ್ಕೀಗಿಗೆ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ರಾಜ್ಯದಲ್ಲಿ, ಅಟ್ಲಾಂಟಾದಿಂದ ಮಾಂಟ್ಗಮರಿಗೆ ಹೋಗುವ ಹೆದ್ದಾರಿಯ ಮೇಲೆ ಸಿಗುವ ಮೇಕನ್ ಕೌಂಟಿಗೆ ಈ ಟಸ್ಕೀಗಿಯೇ ಆಡಳಿತ ಕೇಂದ್ರ. ಇಲ್ಲಿನ ಕೌಂಟಿಯನ್ನು ನಮ್ಮ ತಾಲ್ಲೂಕಿನಂತೆ ಎಂದುಕೊಂಡರೆ ಹೆಚ್ಚು ತಪ್ಪಾಗದು. ಆಸ್ತಿ ನೋಂದಣಿ, ನ್ಯಾಯಾಲಯ, ಶೆರಿಫನ ಕಚೇರಿ, ಮತದಾರರ ಪಟ್ಟಿ ಎಲ್ಲವೂ ಊರ ನಡುವಿನ ಕೋರ್ಟ್‌ಹೌಸಿನ ಸುತ್ತಲೇ ಇರುತ್ತವೆ. ಇಂದು ಆ ಕೌಂಟಿಯ ಜನಸಂಖ್ಯೆ 20,000ಕ್ಕಿಂತ ಕಡಿಮೆ. ಇಷ್ಟು ಚಿಕ್ಕ ಪ್ರದೇಶದಲ್ಲಿ ಇಷ್ಟೊಂದು ನಡೆದಿದೆ ಎಂಬುದು ನನಗೆ ಇಲ್ಲಿಗೆ ಬಂದ ಹಲವು ವರ್ಷಗಳವರೆಗೂ ತಿಳಿದಿರಲಿಲ್ಲ.

ಮೊದಲು ನನ್ನನ್ನು ಅಲ್ಲಿಗೆ ಸೆಳೆದದ್ದು ಮಣ್ಣು. ಕೌಂಟಿಯ ದಕ್ಷಿಣದ ಅಂಚು ಅಲಬಾಮಾದ ಕರಿಮಣ್ಣಿನ ಪಟ್ಟಿಗೆ ಸೇರುತ್ತದೆ. ಧಾರವಾಡ ಜಿಲ್ಲೆಯ ಎರೆ ಭೂಮಿಯಲ್ಲಿ ಹುಟ್ಟಿ ಬೆಳೆದ ನನಗೆ ಮಳೆ ಬಂದಾಗ ಬೂಟಿಗೆ ಮೆತ್ತಿಕೊಂಡು ಬಿಡದ ಮಣ್ಣನ್ನು ಪರಿಚಯಿಸಿಕೊಡಬೇಕಾಗಿಲ್ಲ. ಆ ಮಣ್ಣಿಗೂ ನಮ್ಮ ಮಣ್ಣಿಗೂ ಇರುವ ನಂಟು ಬರಿಯ ಹೋಲಿಕೆಯದೂ ಅಲ್ಲ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದ ದಕ್ಷಿಣದಿಂದ ಹತ್ತಿಯ ಬೀಜವನ್ನೂ ಅದನ್ನು ಬೆಳೆಸಬಲ್ಲ ತೋಟಗಾರರನ್ನೂ ಭಾರತಕ್ಕೆ ಕರೆಸಿಕೊಂಡಿತು. ಹೆಚ್ಚಿನ ಕಡೆಗಳಲ್ಲಿ ಸೋತ ಆ ಬೀಜ ನಮ್ಮ ಕಡೆ ನೆಲೆಯೂರಿ, ಮುಂದೆ ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಿಂದ ಮುಂಬಯಿಯ ಅರಳೆ ಪೇಟೆಯಲ್ಲಿ ಮಾರಾಟವಾಯಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಲ್ಯಾಂಕಾಶೈರಿನ ಗಿರಣಿಗಳಿಗೆ ಇಲ್ಲಿಯ ಹತ್ತಿ ನಿಂತುಹೋದಾಗ ನಮ್ಮ ಕಡೆಯ ಹತ್ತಿಗೆ ಬೆಲೆ ಏರಿತ್ತು ಎಂದು ಹಿರಿಯರು ಹೇಳುತ್ತಿದ್ದ ಮಾತಿನ ಇನ್ನೊಂದು ತುದಿ ಇಂಥ ಕೌಂಟಿಗಳಲ್ಲಿತ್ತು.

ನನ್ನನ್ನು ಅಲ್ಲಿಯೇ ಹಿಡಿದು ನಿಲ್ಲಿಸಿದ್ದು ಮಾತ್ರ ಬೇರೆಯದೇ. ನಮ್ಮಜ್ಜ ಊರಿನ ಕುಲಕರ್ಣಿಕೆ ಮಾಡಿದವರು. ನಾನು ಹುಟ್ಟುವ ಹೊತ್ತಿಗೆ ವತನಗಳು ಹೋಗಿದ್ದವು, ಆದರೂ ಕೆಂಪು ರುಮಾಲಿನಲ್ಲಿ ಕಟ್ಟಿದ ಹಳೆಯ ದಫ್ತರವೊಂದು ಅಟ್ಟದ ಮೇಲೆ ಉಳಿದಿತ್ತು. ಯಾರ ಹೊಲ ಎಷ್ಟು ಎಕರೆ, ಎಷ್ಟು ಗುಂಟೆ, ಯಾರ ಬಾಕಿ ಎಷ್ಟು, ಯಾರು ಸತ್ತ ಮೇಲೆ ಯಾರ ಹೆಸರು ಏರಬೇಕು ಎಂಬುದೆಲ್ಲ ಅದರಲ್ಲಿತ್ತು. ಓದು ಬಾರದ ರೈತರು ಹೆಬ್ಬೆಟ್ಟು ಒತ್ತುವ ಮುಂಚೆ “ರಾಯರ, ಏನ ಬರದೀರಿ ಒಮ್ಮೆ ಓದಿ ಹೇಳ್ರಿ” ಎನ್ನುತ್ತಿದ್ದರಂತೆ. ಓದಿ ಹೇಳಿದ್ದೇ ಬರೆದದ್ದೆಂದು ನಂಬುವುದನ್ನು ಬಿಟ್ಟರೆ ಅವರಿಗೆ ಬೇರೆ ದಾರಿ ಇರಲಿಲ್ಲ ಎಂದು ಅಜ್ಜ ಮುಪ್ಪಿನಲ್ಲಿ ಬಹಳ ಗಂಭೀರವಾಗಿ ಹೇಳುತ್ತಿದ್ದರು. ಮೇಕನ್ ಕೌಂಟಿಯ ಇತಿಹಾಸವನ್ನು ಓದುತ್ತಾ ಹೋದಂತೆ ನನಗೆ ಎದುರಾದದ್ದು ಅದೇ ದಫ್ತರ. ಯಾರ ಹೆಸರನ್ನು ಯಾರು, ಯಾತಕ್ಕಾಗಿ ಬರೆದುಕೊಂಡರು ಎಂಬುದನ್ನು ಹಿಡಿದು ಹೊರಟರೆ ಆ ಕೌಂಟಿಯ ಸುಮಾರು 170 ವರ್ಷಗಳು ಒಂದೇ ಎಳೆಯಲ್ಲಿ ಬಿಚ್ಚಿಕೊಳ್ಳುತ್ತವೆ.

ಮೊದಲ ಪಟ್ಟಿ ಕೌಂಟಿ ಹುಟ್ಟುವುದಕ್ಕೆ ಮುಂಚಿನದು. ಈ ನೆಲ ಕ್ರೀಕ್ ಎಂಬ ಮೂಲನಿವಾಸಿಗಳದು. ಟಸ್ಕೀಗಿ ಎಂಬ ಹೆಸರೂ ಅವರ ಹಳ್ಳಿಯೊಂದರಿಂದ ಬಂದದ್ದು. 1832ರ ಮಾರ್ಚಿನಲ್ಲಿ ನಡೆದ ಒಪ್ಪಂದದಲ್ಲಿ ಕ್ರೀಕರು ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಉಳಿದಿದ್ದ ತಮ್ಮ ನೆಲವನ್ನೆಲ್ಲ ಬಿಟ್ಟುಕೊಟ್ಟರು. ಬದಲಿಗೆ 90 ಮುಖಂಡರಿಗೆ ತಲಾ 640 ಎಕರೆ, ಉಳಿದ ಪ್ರತಿ ಕುಟುಂಬದ ಯಜಮಾನನಿಗೆ ತಲಾ 320 ಎಕರೆ ಅವರವರ ಹೆಸರಿಗೇ ಸಿಗಬೇಕೆಂದು ತೀರ್ಮಾನವಾಯಿತು. ಅದಕ್ಕಾಗಿ ಪಾರ್ಸನ್ಸ್ ಮತ್ತು ಆಬಟ್ ಎಂಬ ಇಬ್ಬರು ಅಧಿಕಾರಿಗಳು ಹಳ್ಳಿ ಹಳ್ಳಿ ತಿರುಗಿ ಮನೆಯ ಯಜಮಾನರ ಹೆಸರುಗಳನ್ನು ಬರೆದುಕೊಂಡರು. ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ. ಭೂಮಿಯ ದಲ್ಲಾಳಿಗಳು ಮಾಡಿದ್ದೇನೆಂದರೆ, ಪಟ್ಟಿಯಲ್ಲಿದ್ದವನ ಬದಲಿಗೆ ಇನ್ನೊಬ್ಬನನ್ನು ತಂದು ನಿಲ್ಲಿಸಿ, ಇವನೇ ಅವನೆಂದು ಸಾಕ್ಷಿ ಹೇಳಿಸಿ, ಮಾರಾಟದ ಪತ್ರಕ್ಕೆ ಗುರುತು ಹಾಕಿಸಿಕೊಂಡರು. 1832ರ ಡಿಸೆಂಬರಿನಲ್ಲಿ ಮೇಕನ್ ಕೌಂಟಿ ರಚನೆಯಾಯಿತು. 1836ರಲ್ಲಿ ಕ್ರೀಕರನ್ನು ಸೈನ್ಯದ ಕಾವಲಿನಲ್ಲಿ ಪಶ್ಚಿಮಕ್ಕೆ ಅಟ್ಟಲಾಯಿತು. ಹೆಸರು ಬರೆದ ಪಟ್ಟಿ ಇಂದಿಗೂ ಉಳಿದಿದೆ, ಹೆಸರಿನವರ ನೆಲ ನಾಲ್ಕು ವರ್ಷವೂ ಉಳಿಯಲಿಲ್ಲ.

ಅನಂತರ ಬಂದದ್ದು ಹೆಸರೇ ಇಲ್ಲದ ಪಟ್ಟಿ. 1850 ಮತ್ತು 1860ರ ಜನಗಣತಿಗಳಲ್ಲಿ ಗುಲಾಮರಿಗೆಂದೇ ಬೇರೆ ಪುಟಗಳಿದ್ದವು. ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಮೈಬಣ್ಣ ಇವಿಷ್ಟೇ ಸಾಲು ಸಾಲಾಗಿ. ಬಹುಪಾಲು ಯಾರ ಹೆಸರೂ ಇಲ್ಲ. ಆಗ ಮೇಕನ್ ಕೌಂಟಿಯ ಜನರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಂದಿ ಗುಲಾಮರಾಗಿದ್ದರು. ಇಲ್ಲಿಯ ಕಪ್ಪು ಕುಟುಂಬಗಳು ತಮ್ಮ ವಂಶಾವಳಿಯನ್ನು ಹುಡುಕುವಾಗ 1870ರ ಗಣತಿಯ ಹತ್ತಿರ ಬಂದು ನಿಂತುಬಿಡುವುದು ಇದೇ ಕಾರಣಕ್ಕೆ. ಅದಕ್ಕಿಂತ ಹಿಂದೆ ಹೋಗಬೇಕಾದರೆ ಒಡೆಯನ ಉಯಿಲು, ಸಾಲಪತ್ರಗಳಲ್ಲಿ ಎತ್ತು ಬಂಡಿಗಳ ಲೆಕ್ಕದ ನಡುವೆ ಅಜ್ಜಿಯ ಹೆಸರನ್ನು ಹುಡುಕಬೇಕಾಗುತ್ತದೆ.

ಕಪ್ಪು ಜನರಿಗಾಗಿ ಹುಟ್ಟಿ ಇಂದು ವಿಶ್ವವಿದ್ಯಾಲಯವಾಗಿರುವ ಟಸ್ಕೀಗಿಯ ಶಾಲೆಯ ಕಥೆಯನ್ನು ಸಾಮಾನ್ಯವಾಗಿ ಅದರ ಮೊದಲ ಮುಖ್ಯಸ್ಥ ಬುಕರ್ ಟಿ. ವಾಷಿಂಗ್ಟನ್ನರಿಂದ ಆರಂಭಿಸುತ್ತಾರೆ. ನಾನು ಲೂಯಿಸ್ ಆಡಮ್ಸ್‌ರಿಂದ ಆರಂಭಿಸಲು ಬಯಸುತ್ತೇನೆ. ಗುಲಾಮರಾಗಿ ಹುಟ್ಟಿದ ಆಡಮ್ಸ್ ತಗಡಿನ ಕೆಲಸ, ಚಪ್ಪಲಿ ಹೊಲಿಗೆ, ಕುದುರೆಯ ಸಜ್ಜು ಮಾಡುವುದು ಈ ಮೂರರಲ್ಲೂ ಪಳಗಿದ ಕಸುಬುದಾರ. ಊರಿನ ಕಪ್ಪು ಜನರಲ್ಲಿ ಅವರ ಮಾತಿಗೆ ಬೆಲೆ ಇತ್ತು. ಅಂತರ್ಯುದ್ಧ ಮುಗಿದು ಕಪ್ಪು ಗಂಡಸರಿಗೆ ಮತದ ಹಕ್ಕು ಬಂದಿದ್ದ, ಅದನ್ನು ಇನ್ನೂ ಪೂರ್ತಿ ಕಿತ್ತುಕೊಂಡಿರದ ಕಾಲ ಅದು. 1880ರಲ್ಲಿ ರಾಜ್ಯದ ಸೆನೆಟ್ಟಿಗೆ ನಿಂತ ಡಬ್ಲ್ಯು. ಎಫ್. ಫಾಸ್ಟರ್ ಮತ ಕೇಳಲು ಬಂದಾಗ ಆಡಮ್ಸ್ ತಮಗಾಗಿ ಏನನ್ನೂ ಕೇಳದೆ ತಮ್ಮ ಜನರಿಗೊಂದು ಶಾಲೆ ಕೇಳಿದರು. ಫಾಸ್ಟರ್ ಗೆದ್ದರು, ಮಾತು ಉಳಿಸಿಕೊಂಡರು. ಶಿಕ್ಷಕರ ಸಂಬಳಕ್ಕೆಂದು ವರ್ಷಕ್ಕೆ 2,000 ಡಾಲರ್ ಮಂಜೂರಾಯಿತು. ಶಾಲೆಗೆ ಕಟ್ಟಡವಾಗಲಿ ಜಾಗವಾಗಲಿ ಇರಲಿಲ್ಲ. ವರ್ಜೀನಿಯಾದ ಹ್ಯಾಂಪ್ಟನ್ ಸಂಸ್ಥೆಯಿಂದ ಬಂದ 25ರ ಹರೆಯದ ವಾಷಿಂಗ್ಟನ್ 1881ರ ಜುಲೈ 4ರಂದು, ಬಟ್ಲರ್ ಚಾಪೆಲ್ ಎಂಬ ಚರ್ಚಿನ ಬಳಿಯ ಮುರುಕಲು ಗುಡಿಸಲಿನಲ್ಲಿ, 30 ವಿದ್ಯಾರ್ಥಿಗಳ ಹೆಸರನ್ನು ಹಾಜರಿ ಪುಸ್ತಕಕ್ಕೆ ಸೇರಿಸಿಕೊಂಡು ಪಾಠ ಶುರು ಮಾಡಿದರು. ಮಳೆ ಬಂದರೆ ಒಬ್ಬ ವಿದ್ಯಾರ್ಥಿ ಮೇಷ್ಟರ ತಲೆಯ ಮೇಲೆ ಕೊಡೆ ಹಿಡಿದು ನಿಲ್ಲಬೇಕಾಗಿತ್ತು.

ಹಾಳುಬಿದ್ದಿದ್ದ 100 ಎಕರೆಯ ತೋಟವನ್ನು 500 ಡಾಲರಿಗೆ ಕೊಂಡ ಮೇಲೆ ಕಟ್ಟಡಗಳನ್ನು ವಿದ್ಯಾರ್ಥಿಗಳೇ ಕಟ್ಟಿದರು. ಇಟ್ಟಿಗೆಯ ಗೂಡು ಮೂರು ಸಲ ಹಾಳಾಯಿತು; ನಾಲ್ಕನೆಯ ಸಲಕ್ಕೆ ವಾಷಿಂಗ್ಟನ್ ತಮ್ಮ ಗಡಿಯಾರವನ್ನು ಮಾಂಟ್ಗಮರಿಯಲ್ಲಿ 15 ಡಾಲರಿಗೆ ಒತ್ತೆಯಿಟ್ಟು ಬಂದರು. ಗಡಿಯಾರ ಮರಳಿ ಬರಲಿಲ್ಲ, ಇಟ್ಟಿಗೆ ಬೆಂದವು. ಇಂದು ವಿಶ್ವವಿದ್ಯಾಲಯದ ಆವರಣದಲ್ಲಿ ನಡೆಯುವಾಗ ಆ ಕಾಲದ ಗೋಡೆಗಳ ಮುಂದೆ ನಾನು ಪ್ರತಿ ಸಲವೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಎಂ.ಐ.ಟಿ.ಯಲ್ಲಿ ಕಲಿತು ಬಂದ ಕಪ್ಪು ವಾಸ್ತುಶಿಲ್ಪಿ ರಾಬರ್ಟ್ ಟೇಲರ್ ನಕ್ಷೆ ಬರೆದರು, ಹಿಂದಿನ ಗುಲಾಮರ ಮಕ್ಕಳು ಮಣ್ಣು ಕಲಸಿದರು.

ವಾಷಿಂಗ್ಟನ್ನರ ಬಗ್ಗೆ ಇಲ್ಲಿಯವರಲ್ಲಿಯೇ ಎರಡು ಮನಸ್ಸು. ದುಡಿಮೆ ಕಲಿಯಿರಿ, ಸದ್ಯಕ್ಕೆ ಹಕ್ಕಿನ ಮಾತು ಬೇಡ ಎನ್ನುವ ಧಾಟಿಯಲ್ಲಿ 1895ರಲ್ಲಿ ಅಟ್ಲಾಂಟಾದಲ್ಲಿ ಅವರು ಮಾಡಿದ ಭಾಷಣವನ್ನು ಬಹಳ ಜನ ಕ್ಷಮಿಸಿಲ್ಲ. ಆದರೆ 1901ರಲ್ಲಿ ಅಲಬಾಮಾ ಹೊಸ ಸಂವಿಧಾನ ಬರೆದುಕೊಂಡು ಓದು, ಆಸ್ತಿ, ಮತದ ತೆರಿಗೆ ಎಂಬ ನೆಪಗಳಿಂದ ಕಪ್ಪು ಮತದಾರರನ್ನು ಪಟ್ಟಿಯಿಂದ ಅಳಿಸಿಹಾಕಿದಾಗ, ಅದರ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದ ಮೊಕದ್ದಮೆಗೆ ಗುಟ್ಟಾಗಿ ಹಣ ಕೊಟ್ಟವರೂ ಅವರೇ. ವಕೀಲರೊಂದಿಗೆ ಸಂಕೇತದ ಹೆಸರುಗಳಲ್ಲಿ ಪತ್ರ ಬರೆಯುತ್ತಿದ್ದರು. 1903ರಲ್ಲಿ ಆ ಮೊಕದ್ದಮೆ ಸೋತಿತು. ಬಹಿರಂಗದಲ್ಲಿ ಹೇಳಿದ್ದನ್ನು ಮಾತ್ರ ಹಿಡಿದು ಅವರನ್ನು ತೂಗುವುದು ನನಗೆ ಸರಿ ಎನಿಸುವುದಿಲ್ಲ. ಮತ ಕೊಟ್ಟು ಪಡೆದ ಶಾಲೆಯ ಊರಿನಲ್ಲಿ ಮತವೇ ಇಲ್ಲದಂತಾದದ್ದು ಅವರಿಗೆ ಎಷ್ಟು ನೋವುಂಟುಮಾಡಿರಬೇಕು!

ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1896ರಲ್ಲಿ ಇಲ್ಲಿಗೆ ಬಂದರು. ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಅವರ ಹೆಸರು ಗೊತ್ತು, ಆದ್ದರಿಂದ ಹೆಚ್ಚು ಹೇಳಬೇಕಾಗಿಲ್ಲ. ಶೇಂಗಾದಿಂದ ನೂರಾರು ವಸ್ತುಗಳನ್ನು ಮಾಡಿದರೆಂಬ ಮಾತಿನ ಗದ್ದಲದಲ್ಲಿ ಅವರ ನಿಜವಾದ ಕೆಲಸ ಮರೆಯಾಗಿದೆ ಎಂಬುದು ನನ್ನ ಅನಿಸಿಕೆ. ಹತ್ತಿಯ ಮೇಲೆ ಹತ್ತಿ ಬೆಳೆದು ಸತ್ತಿದ್ದ ಹೊಲಕ್ಕೆ ಅಲಸಂದೆ, ಶೇಂಗಾ, ಗೆಣಸುಗಳನ್ನು ಸರದಿಯ ಮೇಲೆ ಹಾಕಿದರೆ ಮಣ್ಣಿಗೆ ಜೀವ ಬರುತ್ತದೆ, ಮನೆಗೆ ಅನ್ನವೂ ಆಗುತ್ತದೆ ಎಂಬುದನ್ನು ಅವರು ಗೊಬ್ಬರ ಕೊಳ್ಳಲಾಗದ ಕೋರು ರೈತರಿಗೆ ಅರ್ಥವಾಗುವ ಮಾತಿನಲ್ಲಿ ಚಿಕ್ಕ ಪುಸ್ತಿಕೆಗಳಾಗಿ ಬರೆದು ಹಂಚಿದರು. 1906ರಿಂದ ‘ಜೆಸಪ್ ಬಂಡಿ’ ಎಂಬ ಕುದುರೆ ಗಾಡಿಯಲ್ಲಿ ನೇಗಿಲು, ಬೀಜ, ಬೆಣ್ಣೆ ಕಡೆಯುವ ಯಂತ್ರಗಳನ್ನು ಹೇರಿಕೊಂಡು ಶಾಲೆಯೇ ಹಳ್ಳಿಗೆ ಹೋಯಿತು. ಆ ಬಂಡಿಯ ಜೊತೆ ಹೋದ ಥಾಮಸ್ ಕ್ಯಾಂಪ್ಬೆಲ್ ಸರ್ಕಾರಿ ಕೃಷಿ ವಿಸ್ತರಣೆಯ ಕೆಲಸಕ್ಕೆ ನೇಮಕವಾದ ಮೊದಲ ಕಪ್ಪು ಅಧಿಕಾರಿ.

ಇನ್ನೊಬ್ಬರ ಹೆಸರು ಇಷ್ಟು ಪ್ರಸಿದ್ಧವಲ್ಲ, ಆದರೆ ನನಗೆ ಅವರು ಈ ಕೌಂಟಿಯ ದೊಡ್ಡ ಮನುಷ್ಯರಲ್ಲಿ ಒಬ್ಬರು. ಮನ್ರೋ ವರ್ಕ್ ಉತ್ತರ ಕ್ಯಾರೊಲೈನಾದಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ತಂದೆತಾಯಿಗಳಿಗೆ 1866ರಲ್ಲಿ ಹುಟ್ಟಿದವರು. ಷಿಕಾಗೊದಲ್ಲಿ ಸಮಾಜಶಾಸ್ತ್ರ ಕಲಿತು 1908ರಲ್ಲಿ ಟಸ್ಕೀಗಿಗೆ ಬಂದು, ದಾಖಲೆ ಮತ್ತು ಸಂಶೋಧನೆಯ ವಿಭಾಗವನ್ನು ಕಟ್ಟಿದರು. ದೇಶದ ಮೂಲೆಮೂಲೆಯ ಪತ್ರಿಕೆಗಳನ್ನು ತರಿಸಿ, ಕತ್ತರಿಸಿ, ವಿಂಗಡಿಸಿ ಇಡುವುದು ಆ ವಿಭಾಗದ ದಿನದ ಕೆಲಸ. ಅದರಲ್ಲಿ ಅತ್ಯಂತ ಕಠಿಣವಾದದ್ದು ಲಿಂಚಿಂಗ್‌ನ ಲೆಕ್ಕ, ಅಂದರೆ ಗುಂಪು ಸೇರಿ ಮನುಷ್ಯನನ್ನು ನೇಣಿಗೆ ಹಾಕಿದ, ಸುಟ್ಟ, ಗುಂಡಿಟ್ಟು ಕೊಂದ ಘಟನೆಗಳ ಲೆಕ್ಕ. ಸತ್ತವರ ಹೆಸರು, ತಾರೀಖು, ಊರು, ಕೊಂದವರು ಹೇಳಿದ ನೆಪ ಎಲ್ಲವನ್ನೂ ಅವರು ಬರೆದುಕೊಂಡು, ಒಟ್ಟು ಸಂಖ್ಯೆಯನ್ನು ನಿಯತವಾಗಿ ಪತ್ರಿಕೆಗಳಿಗೆ ಕಳುಹಿಸುತ್ತಿದ್ದರು. ವರದಿಯಲ್ಲಿ ಒಂದು ವಿಶೇಷಣವೂ ಹೆಚ್ಚಿಗೆ ಇರುತ್ತಿರಲಿಲ್ಲ. ಹಾಗಾಗಿಯೇ ದಕ್ಷಿಣದ ಬಿಳಿಯರ ಪತ್ರಿಕೆಗಳೂ ಅದನ್ನು ಅಚ್ಚು ಹಾಕಬೇಕಾಯಿತು. ಅವರ ನಂತರವೂ ಮುಂದುವರಿದ ಆ ದಾಖಲೆಯ ಪ್ರಕಾರ 1882ರಿಂದ 1968ರವರೆಗೆ 4,743 ಜನರನ್ನು ಹೀಗೆ ಕೊಲ್ಲಲಾಯಿತು, ಅವರಲ್ಲಿ 3,446 ಮಂದಿ ಕಪ್ಪು ಜನ. ಪ್ರತಿ ಬೆಳಿಗ್ಗೆ ಬಂದು ಕುಳಿತು, ಕತ್ತರಿ ಹಿಡಿದು, ಅಂದಿನ ಪತ್ರಿಕೆಯಲ್ಲಿ ತನ್ನವರ ಸಾವನ್ನು ಹುಡುಕಿ, ಶಾಂತವಾಗಿ ಬರೆದಿಟ್ಟ ಆ ಮನುಷ್ಯನನ್ನು ನೆನೆದರೆ ನನ್ನ ಮೈ ನಡುಗುತ್ತದೆ. ಗಣತಿಯಲ್ಲಿ ಹೆಸರೇ ಇಲ್ಲದೆ ಹೋದವರ ಮಗ, ಹೆಸರಿಲ್ಲದೆ ಹೋಗಬಾರದೆಂದು ಮಾಡಿದ ಕೆಲಸ ಅದು.

ಮುಂದಿನದು ಇದೇ ಊರಿನ ಇನ್ನೊಂದು ಕಡತ. 1932ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ವೈದ್ಯರು ಮೇಕನ್ ಕೌಂಟಿಗೆ ಬಂದು 600 ಕಪ್ಪು ಗಂಡಸರ ಹೆಸರುಗಳನ್ನು ಬರೆದುಕೊಂಡರು. ಅವರಲ್ಲಿ 399 ಜನರಿಗೆ ಸಿಫಿಲಿಸ್, ಎಂದರೆ ನಮ್ಮ ಹಿಂದಿನವರು ಪರಂಗಿ ಹುಣ್ಣು ಎನ್ನುತ್ತಿದ್ದ ರೋಗ ಇತ್ತು. 201 ಜನರಿಗೆ ಇರಲಿಲ್ಲ. ಹೆಚ್ಚಿನವರು ಪರರ ಹೊಲದಲ್ಲಿ ಕೋರಿಗೆ ಹತ್ತಿ ಬೆಳೆಯುವ ಬಡ ರೈತರು. ಜನ್ಮದಲ್ಲಿ ಡಾಕ್ಟರ ಮುಖ ನೋಡದವರೂ ಅವರಲ್ಲಿದ್ದರು. ಅವರಿಗೆ ರೋಗದ ಹೆಸರನ್ನು ಹೇಳಲಿಲ್ಲ. ನಿಮ್ಮ ರಕ್ತ ಕೆಟ್ಟಿದೆ, ಸರ್ಕಾರ ಬಿಟ್ಟಿಯಾಗಿ ಔಷಧ ಕೊಡುತ್ತದೆ ಎಂದಷ್ಟೇ ಹೇಳಿದರು. ನಿಜವಾದ ಉದ್ದೇಶ ಚಿಕಿತ್ಸೆಯಿಲ್ಲದೆ ಬಿಟ್ಟರೆ ಈ ರೋಗ ಮನುಷ್ಯನನ್ನು ಏನು ಮಾಡುತ್ತದೆಂದು ಸಾಯುವವರೆಗೂ ನೋಡುವುದು, ಸತ್ತ ಮೇಲೆ ದೇಹವನ್ನು ಕೊಯ್ದು ನೋಡುವುದು. ಬೆನ್ನುಹುರಿಯ ನೀರು ತೆಗೆಯುವ ನೋವಿನ ಪರೀಕ್ಷೆಗೆ ಕರೆಯುವಾಗ, ವಿಶೇಷ ಉಚಿತ ಚಿಕಿತ್ಸೆಗೆ ಇದು ನಿಮಗೆ ಕೊನೆಯ ಅವಕಾಶ ಎಂದು ಪತ್ರ ಬರೆದರು. “ಏನ ಬರದೀರಿ ಒಮ್ಮೆ ಓದಿ ಹೇಳ್ರಿ” ಎಂದು ಕೇಳುವ ಅವಕಾಶ ಆ ರೈತರಿಗೂ ಸಿಕ್ಕಿರಬಹುದು. ಓದಿ ಹೇಳಿದ್ದೇ ಸುಳ್ಳಾಗಿತ್ತು.

ಈ ಪ್ರಯೋಗ 40 ವರ್ಷ ನಡೆಯಿತು. ಗುಟ್ಟಾಗಿ ನಡೆಯಿತೆನ್ನುವುದೂ ಸರಿಯಲ್ಲ. 1936ರಿಂದಲೇ ಅದರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾಗುತ್ತಿದ್ದವು, ವೈದ್ಯರು ಓದುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಕರೆ ಬಂದವರಿಗೆ ರಕ್ತ ಪರೀಕ್ಷೆಯಾಗಿ ಚಿಕಿತ್ಸೆಗೆ ಆದೇಶವಾದಾಗ, ಈ ಹೆಸರುಗಳನ್ನು ಬಿಟ್ಟುಬಿಡಿ ಎಂದು ಆರೋಗ್ಯ ಸೇವೆಯವರು ಸೈನ್ಯದ ಮಂಡಳಿಗೆ ಪಟ್ಟಿಯನ್ನೇ ಕೊಟ್ಟರು. 1940ರ ದಶಕದ ಕೊನೆಗೆ ಪೆನಿಸಿಲಿನ್ ಈ ರೋಗಕ್ಕೆ ಎಲ್ಲರಿಗೂ ಸಿಗುವ ಮದ್ದಾಯಿತು, ಪಟ್ಟಿಯಲ್ಲಿದ್ದವರಿಗೆ ಅದು ಸಿಗದಂತೆ ನೋಡಿಕೊಂಡರು. ಶವಪರೀಕ್ಷೆಗೆ ಒಪ್ಪಿದರೆ ಮಣ್ಣಿನ ಖರ್ಚಿಗೆಂದು 50 ಡಾಲರ್. 1958ರಲ್ಲಿ, 25 ವರ್ಷ ತುಂಬಿದ್ದಕ್ಕೆ, ಆರೋಗ್ಯ ಸೇವೆಯ ಮುಖ್ಯಸ್ಥರಾದ ಸರ್ಜನ್ ಜನರಲ್ ಅವರ ಸಹಿಯ ಒಂದು ಪ್ರಶಸ್ತಿಪತ್ರ ಮತ್ತು ವರ್ಷಕ್ಕೆ 1 ಡಾಲರಿನಂತೆ 25 ಡಾಲರ್. ಆ ಪ್ರಶಸ್ತಿಪತ್ರವನ್ನು ಹಿಡಿದು ಮನೆಗೆ ಹೋದ ಮುದುಕನೊಬ್ಬ ಅದನ್ನು ಗೋಡೆಗೆ ತೂಗುಹಾಕಿದ್ದಿರಬಹುದು ಎಂಬ ಯೋಚನೆ ನನ್ನನ್ನು ಬಹಳ ದಿನ ಕಾಡಿದೆ.

ಯೂನಿಸ್ ರಿವರ್ಸ್ ಅವರ ವಿಷಯವನ್ನು ಬರೆಯದೆ ಮುಂದೆ ಹೋಗುವುದು ಸುಲಭ, ಆದರೆ ಪ್ರಾಮಾಣಿಕವಲ್ಲ. ಅವರು ಕಪ್ಪು ಹೆಣ್ಣುಮಗಳು, ಟಸ್ಕೀಗಿಯಲ್ಲಿಯೇ 1922ರಲ್ಲಿ ನರ್ಸ್ ತರಬೇತಿ ಮುಗಿಸಿದವರು. ಆರಂಭದಿಂದ ಮೂರು ದಶಕಗಳ ಕಾಲ ಈ ಗಂಡಸರನ್ನು ಕಾರಿನಲ್ಲಿ ಕರೆತರುವುದು, ಮನೆಗೆ ಹೋಗಿ ವಿಚಾರಿಸುವುದು, ಸತ್ತಾಗ ಮನೆಯವರನ್ನು ಶವಪರೀಕ್ಷೆಗೆ ಒಪ್ಪಿಸುವುದು ಅವರ ಕೆಲಸವಾಗಿತ್ತು. ರೈತರು ಅವರನ್ನು ಬಹಳವಾಗಿ ನಂಬಿದ್ದರು, ಅವರೂ ರೈತರನ್ನು ಪ್ರೀತಿಸುತ್ತಿದ್ದರೆಂದೇ ಎಲ್ಲರೂ ಹೇಳುತ್ತಾರೆ. ಔಷಧದ ಒಂದು ಮಾತ್ರೆಯೂ ಇಲ್ಲದ ಹಳ್ಳಿಗಳಲ್ಲಿ ಟಾನಿಕ್ ಮತ್ತು ನೋವಿನ ಗುಳಿಗೆ ಹಿಡಿದು ಬರುವ ಒಬ್ಬಳೇ ನರ್ಸ್ ಅವರಿಗೆ ಏನಾಗಿದ್ದಿರಬೇಕು ಎಂಬುದನ್ನು ನಾನು ಊಹಿಸಬಲ್ಲೆ. ಆದರೂ ಅವರು ತಿಳಿದದ್ದನ್ನು ಹೇಳಲಿಲ್ಲ ಎಂಬ ಸತ್ಯವನ್ನು ದಾಟಿ ಹೋಗಲಾರೆ. ಶಾಲೆಯ ಆಸ್ಪತ್ರೆಯಲ್ಲಿಯೇ ಪರೀಕ್ಷೆಗಳು ನಡೆದವು ಎಂಬುದೂ ಅಷ್ಟೇ ಸತ್ಯ. 1953ರಿಂದ ಮುಂದಿನ ಕೆಲವು ವರ್ಷ ಪೋಲಿಯೊ ಲಸಿಕೆಯ ಪರೀಕ್ಷೆಗೆ ಬೇಕಾದ, ಪ್ರಯೋಗಶಾಲೆಯಲ್ಲಿ ಬೆಳೆಸುವ ‘ಹೀಲಾ’ ಎಂಬ ಮಾನವ ಜೀವಕೋಶಗಳನ್ನು ಇದೇ ಟಸ್ಕೀಗಿಯ ಪ್ರಯೋಗಶಾಲೆ ದೊಡ್ಡ ಪ್ರಮಾಣದಲ್ಲಿ ಬೆಳೆಸಿ ದೇಶಕ್ಕೆಲ್ಲ ಕಳುಹಿಸಿತು. ಲಕ್ಷಾಂತರ ಮಕ್ಕಳ ಕಾಲು ಉಳಿಸಿದ ಕೆಲಸ ಒಂದು ಕಡೆ, ಅದೇ ವರ್ಷಗಳಲ್ಲಿ ಪೆನಿಸಿಲಿನ್ ಸಿಗದೆ ಕುರುಡಾಗುತ್ತಿದ್ದ, ಬುದ್ಧಿ ತಪ್ಪುತ್ತಿದ್ದ ರೈತರು ಕೆಲವೇ ಮೈಲಿಗಳಾಚೆ.

ಯುದ್ಧದ ಕಾಲದಲ್ಲಿ ಇಲ್ಲಿಯ ಮೋಟನ್ ಮೈದಾನದಲ್ಲಿ ಹಾರಾಟ ಕಲಿತು ಯುರೋಪಿನ ಆಕಾಶದಲ್ಲಿ ಹೋರಾಡಿದ ಕಪ್ಪು ವಿಮಾನ ಚಾಲಕರ ಕಥೆ ಜಗತ್ತಿಗೆ ಗೊತ್ತಿದೆ. ಆ ಮೈದಾನ ಈಗ ರಾಷ್ಟ್ರೀಯ ಸ್ಮಾರಕ, ಅಟ್ಲಾಂಟಾಕ್ಕೆ ಬರುವ ಕನ್ನಡಿಗರು ಅರ್ಧ ದಿನ ಮಾಡಿಕೊಂಡು ನೋಡಲೇಬೇಕಾದ ಜಾಗ. 992 ಚಾಲಕರು ಇಲ್ಲಿ ತಯಾರಾದರು. ಮರಳಿ ಬಂದವರಿಗೆ ಕೋರ್ಟ್‌ಹೌಸಿನಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವುದು ಮಾತ್ರ ಸುಲಭವಾಗಿರಲಿಲ್ಲ.

ಆ ಪಟ್ಟಿಯ ಕಥೆಯಲ್ಲಿ ಇಬ್ಬರನ್ನು ನೆನೆಯಬೇಕು. ಚಾರ್ಲ್ಸ್ ಗೊಮಿಲಿಯನ್ 1928ರಲ್ಲಿ ಟಸ್ಕೀಗಿಗೆ ಪಾಠ ಹೇಳಲು ಬಂದ ಸಮಾಜಶಾಸ್ತ್ರದ ಅಧ್ಯಾಪಕರು, 1941ರಲ್ಲಿ ಟಸ್ಕೀಗಿ ನಾಗರಿಕ ಸಂಘವನ್ನು ಕಟ್ಟಿದವರು. ವಿಲಿಯಂ ಮಿಚೆಲ್ ಊರಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವರು, ಸಂಘದ ಕಾರ್ಯದರ್ಶಿ. ಕೌಂಟಿಯಲ್ಲಿ 100ಕ್ಕೆ 80ಕ್ಕಿಂತ ಹೆಚ್ಚು ಜನ ಕಪ್ಪು ಜನ. ಅವರಲ್ಲಿ ಪದವೀಧರರು, ವೈದ್ಯರು, ಪ್ರಾಧ್ಯಾಪಕರು ತುಂಬಿದ್ದರು. ಹೆಸರು ಸೇರಿಸಬೇಕಾದ ಅಧಿಕಾರಿಗಳು ಬಿಳಿಯನೊಬ್ಬ ಬಂದು ಜಾಮೀನು ಹೇಳಬೇಕು ಎಂದರು. ಸಂವಿಧಾನದ ಪುಟಗಟ್ಟಲೆ ಬರೆಸಿದರು. ಕಚೇರಿಯ ದಿನವೇ ಕಚೇರಿಗೆ ಬಾರದೆ ಹೋದರು. ಕೆಲವು ಸಲ ರಾಜೀನಾಮೆ ಕೊಟ್ಟು ತಿಂಗಳುಗಟ್ಟಲೆ ಮಂಡಳಿಯೇ ಇಲ್ಲದಂತೆ ಮಾಡಿದರು. ಮಿಚೆಲ್ ಜಗಳವಾಡಲಿಲ್ಲ. ಯಾರು ಯಾವ ದಿನ, ಎಷ್ಟು ಗಂಟೆಗೆ ಹೋದರು, ಎಷ್ಟು ಹೊತ್ತು ಸಾಲಿನಲ್ಲಿ ನಿಂತರು, ಅರ್ಜಿಯಲ್ಲಿ ಏನು ತುಂಬಿದರು, ಏನು ಉತ್ತರ ಬಂತು ಎಂಬುದನ್ನೆಲ್ಲ ವರ್ಷಗಟ್ಟಲೆ ಬರೆದಿಟ್ಟರು. ನನ್ನ ಅಜ್ಜ ಇದ್ದಿದ್ದರೆ ಈ ಮನುಷ್ಯನಿಗೆ ಎದ್ದು ನಿಂತು ಕೈಮುಗಿಯುತ್ತಿದ್ದರು. ಬರೆಯುವವರು ಬರೆಯದೆ ಹೋದಾಗ, ಬರೆಯಲಿಲ್ಲ ಎಂಬುದನ್ನೇ ಅವರು ಬರೆದರು. ಮುಂದೆ ಕೇಂದ್ರ ಸರ್ಕಾರ ಹೂಡಿದ ಮೊಕದ್ದಮೆಯಲ್ಲಿ ಆ ದಾಖಲೆ ಕೆಲಸಕ್ಕೆ ಬಂದು, 1961ರಲ್ಲಿ ನ್ಯಾಯಾಧೀಶ ಫ್ರಾಂಕ್ ಜಾನ್ಸನ್ ಅರ್ಹರ ಹೆಸರುಗಳನ್ನು ಸೇರಿಸಲೇಬೇಕೆಂದು ಆಜ್ಞೆ ಮಾಡಿದರು.

ಅದಕ್ಕೂ ಮುಂಚೆ ಗಡಿಯ ಗೆರೆಯೇ ಬದಲಾಗಿತ್ತು. ಕಪ್ಪು ಮತದಾರರು ನಿಧಾನವಾಗಿ 400ರ ಹತ್ತಿರ ಬಂದಾಗ, 1957ರಲ್ಲಿ ರಾಜ್ಯದ ಶಾಸನಸಭೆ ಚಚ್ಚೌಕವಾಗಿದ್ದ ಟಸ್ಕೀಗಿ ನಗರದ ಎಲ್ಲೆಯನ್ನು 28 ಬದಿಗಳ ಆಕೃತಿಯಾಗಿ ಕತ್ತರಿಸಿತು. ನಾಲ್ಕೈದು ಜನರನ್ನು ಬಿಟ್ಟು ಕಪ್ಪು ಮತದಾರರೆಲ್ಲ ನಗರದ ಹೊರಗಾದರು, ಒಬ್ಬ ಬಿಳಿಯ ಮತದಾರನೂ ಹೊರಗೆ ಬೀಳಲಿಲ್ಲ. ಶಾಲೆಯೂ ಹೊರಗೆ ಬಿತ್ತು. ಆ ಜೂನ್ 25ರ ಸಂಜೆ ಸಾವಿರಾರು ಜನ ಬಟ್ಲರ್ ಚಾಪೆಲ್ ಚರ್ಚಿನಲ್ಲಿ ಮತ್ತು ಅದರ ಅಂಗಳದಲ್ಲಿ ಸೇರಿ, ಇನ್ನು ಮುಂದೆ ನಮ್ಮನ್ನು ಹೊರಗೆ ಹಾಕಿದವರ ಅಂಗಡಿಯಲ್ಲಿ ಸಾಮಾನು ಕೊಳ್ಳುವುದಿಲ್ಲವೆಂದು ನಿರ್ಧರಿಸಿದರು. 76 ವರ್ಷಗಳ ಹಿಂದೆ 30 ವಿದ್ಯಾರ್ಥಿಗಳೊಂದಿಗೆ ಶಾಲೆ ಶುರುವಾದದ್ದು ಅದೇ ಚರ್ಚಿನ ಬಳಿ. ಅವರ ವಕೀಲರು ಫ್ರೆಡ್ ಗ್ರೇ, ಮಾಂಟ್ಗಮರಿಯ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದ ರೋಸಾ ಪಾರ್ಕ್ಸ್ ಪರವಾಗಿ ನಿಂತಿದ್ದ ತರುಣ. (ರೋಸಾ ಪಾರ್ಕ್ಸ್ 1913ರಲ್ಲಿ ಹುಟ್ಟಿದ್ದೂ ಇದೇ ಟಸ್ಕೀಗಿಯಲ್ಲಿ.) ಗ್ರೇ ನ್ಯಾಯಾಲಯದಲ್ಲಿ ಹಳೆಯ ಎಲ್ಲೆಯನ್ನೂ ಹೊಸ ಎಲ್ಲೆಯನ್ನೂ ತೋರಿಸುವ ನಕ್ಷೆಯನ್ನು ಮುಂದಿಟ್ಟರು. 1960ರ ನವೆಂಬರ್ 14ರಂದು ಸುಪ್ರೀಂ ಕೋರ್ಟು ಒಮ್ಮತದಿಂದ, ಮೊಕದ್ದಮೆ ಹೂಡಿದ್ದ ಗೊಮಿಲಿಯನ್ ಪರವಾಗಿ ತೀರ್ಪು ಕೊಟ್ಟಿತು. ಚುನಾವಣೆಯ ಗಡಿರೇಖೆಗಳ ಬಗ್ಗೆ ಅಮೆರಿಕದಲ್ಲಿ ಇಂದಿಗೂ ನಡೆಯುವ ವಾದಗಳಲ್ಲಿ ಈ ಪ್ರಾಧ್ಯಾಪಕರ ಹೆಸರು ಬರುತ್ತಲೇ ಇರುತ್ತದೆ.

ಗೆಲುವು ನೆಟ್ಟಗೆ ನಡೆದು ಬರಲಿಲ್ಲ. 1963ರ ಸೆಪ್ಟೆಂಬರಿನಲ್ಲಿ 13 ಕಪ್ಪು ಮಕ್ಕಳು ಟಸ್ಕೀಗಿಯ ಬಿಳಿಯರ ಪ್ರೌಢಶಾಲೆಗೆ ಸೇರಬೇಕಾದ ದಿನ ರಾಜ್ಯಪಾಲ ಜಾರ್ಜ್ ವಾಲೇಸ್ ಪೊಲೀಸರನ್ನು ಕಳುಹಿಸಿ ಶಾಲೆಯನ್ನೇ ಮುಚ್ಚಿಸಿದರು. ಆಗ ನಡೆಯುತ್ತಿದ್ದ ಮೊಕದ್ದಮೆ ಬೆಳೆದು 1967ರಲ್ಲಿ ಇಡೀ ಅಲಬಾಮಾದ ಶಾಲೆಗಳಿಗೆ ಅನ್ವಯವಾಯಿತು. 1966ರ ಜನವರಿ 3ರ ರಾತ್ರಿ ಸ್ಯಾಮಿ ಯಂಗ್ ಎಂಬ 21ರ ವಿದ್ಯಾರ್ಥಿಯನ್ನು, ನೌಕಾಪಡೆಯಲ್ಲಿ ದುಡಿದು ಬಂದಿದ್ದವನನ್ನು, ಬಿಳಿಯರ ಶೌಚಾಲಯವನ್ನು ಬಳಸಲು ಹೋದನೆಂಬ ಜಗಳದಲ್ಲಿ ಪೆಟ್ರೋಲ್ ಬಂಕಿನ ಕೆಲಸಗಾರನೊಬ್ಬ ಗುಂಡಿಟ್ಟು ಕೊಂದ. ಬಿಳಿಯರೇ ಇದ್ದ ಜೂರಿ ಅವನನ್ನು ಬಿಡುಗಡೆ ಮಾಡಿತು. ಆ ತೀರ್ಪು ಬಂದ ರಾತ್ರಿ ವಿದ್ಯಾರ್ಥಿಗಳು ಊರ ನಡುವಿನ ಚೌಕದಲ್ಲಿ ನಿಂತಿದ್ದ ಕಾನ್ಫೆಡರೇಟ್ ಸೈನಿಕನ, ಅಂದರೆ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪಕ್ಷದಲ್ಲಿ ಹೋರಾಡಿದ ದಕ್ಷಿಣದ ಸೈನಿಕನ, ಪ್ರತಿಮೆಯ ಮುಖಕ್ಕೆ ಕಪ್ಪು ಬಣ್ಣ ಬಳಿದರು. ಅದೇ ಚೌಕದ ಎದುರಿನ ಕೋರ್ಟ್‌ಹೌಸಿಗೆ 1967ರ ಜನವರಿಯಲ್ಲಿ ಶೆರಿಫ್ ಆಗಿ ಬಂದವರು ಲೂಷಸ್ ಆಮರ್ಸನ್, ಅಂತರ್ಯುದ್ಧದ ನಂತರದ ಪುನರ್ನಿರ್ಮಾಣದ ದಿನಗಳಾದ ಮೇಲೆ ದಕ್ಷಿಣದಲ್ಲಿ ಆಯ್ಕೆಯಾದ ಮೊದಲ ಕಪ್ಪು ಶೆರಿಫ್. 20 ವರ್ಷ ಆ ಹುದ್ದೆಯಲ್ಲಿದ್ದರು.

ಇಷ್ಟೆಲ್ಲ ಆಗುವಾಗಲೂ ಆರೋಗ್ಯ ಸೇವೆಯ ಪಟ್ಟಿ ನಡೆಯುತ್ತಲೇ ಇತ್ತು. ಕಪ್ಪು ಶೆರಿಫ್ ಬಂದ ಮೇಲೂ ಐದು ವರ್ಷ ನಡೆಯಿತು. ಆ ಸೇವೆಯಲ್ಲಿಯೇ ಕೆಲಸಕ್ಕಿದ್ದ ಪೀಟರ್ ಬಕ್ಸ್ಟನ್ 1966ರಿಂದ ಮೇಲಿನವರಿಗೆ ಬರೆದು ಬರೆದು ದಣಿದು, ಕೊನೆಗೆ ಪತ್ರಿಕೆಗೆ ತಿಳಿಸಿದರು. ಜೀನ್ ಹೆಲರ್ ಬರೆದ ವರದಿ 1972ರ ಜುಲೈ 25ರಂದು ಪ್ರಕಟವಾಯಿತು. ಹತ್ತಿರದ ನೋಟಸಲ್ಗಾದ ರೈತ ಚಾರ್ಲಿ ಪೊಲಾರ್ಡ್‌ಗೆ ತಾನು 40 ವರ್ಷದಿಂದ ಯಾವ ಪಟ್ಟಿಯಲ್ಲಿದ್ದೆ ಎಂಬುದು ಆಗ ತಿಳಿಯಿತು. ಕೆಲವೇ ದಿನಗಳಲ್ಲಿ ಅವರು ಟಸ್ಕೀಗಿಯಲ್ಲಿದ್ದ ವಕೀಲ ಫ್ರೆಡ್ ಗ್ರೇ ಅವರ ಕಚೇರಿಯ ಮೆಟ್ಟಿಲು ಹತ್ತಿದರು. ನಕ್ಷೆಯ ಮೊಕದ್ದಮೆ ನಡೆಸಿದ ಅದೇ ವಕೀಲರು.

ಪೊಲಾರ್ಡ್ ಹೂಡಿದ ದಾವೆ 1974ರಲ್ಲಿ ಸುಮಾರು 1 ಕೋಟಿ ಡಾಲರಿಗೆ ರಾಜಿಯಾಯಿತು. ರೋಗವಿದ್ದು ಬದುಕಿದ್ದವರಿಗೆ ತಲಾ 37,500 ಡಾಲರ್, ರೋಗವಿದ್ದು ಸತ್ತವರ ವಾರಸುದಾರರಿಗೆ 15,000. ಹಣ ಹಂಚಬೇಕಾದರೆ ಮೊದಲು ಜನ ಸಿಗಬೇಕು. ಹಾಗಾಗಿ 600 ಹೆಸರುಗಳ ಅದೇ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಈ ಸಲ ಅವರ ಪರವಾಗಿ, ಯಾರು ಬದುಕಿದ್ದಾರೆ, ಯಾರ ಹೆಂಡತಿ ಮಕ್ಕಳು ಷಿಕಾಗೊ, ಡೆಟ್ರಾಯಿಟ್ ಎಂದು ಎಲ್ಲೆಲ್ಲಿಗೆ ದುಡಿಯಲು ಹೋಗಿದ್ದಾರೆ ಎಂದು ಹುಡುಕಬೇಕಾಯಿತು. ಸಂಶೋಧನೆಗೆ ಒಳಪಡುವ ಮನುಷ್ಯನಿಗೆ ಎಲ್ಲವನ್ನೂ ತಿಳಿಸಿ ಅವನ ಒಪ್ಪಿಗೆ ಪಡೆಯಬೇಕೆಂಬ ಕಾನೂನು ಅಮೆರಿಕದಲ್ಲಿ ಗಟ್ಟಿಯಾದದ್ದು ಅದೇ 1974ರಲ್ಲಿ, ಈ ರೈತರಿಂದಾಗಿ. ಇಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಔಷಧ ಪರೀಕ್ಷೆಗೆ ಸೇರುವವರಿಗೆ ಕನ್ನಡದಲ್ಲಿ ಓದಿ ಹೇಳಿ ಸಹಿ ಪಡೆಯುವ ಒಪ್ಪಿಗೆ ಪತ್ರದ ಹಿಂದೆ ಇರುವ ಕಾರಣಗಳಲ್ಲಿ ಮೇಕನ್ ಕೌಂಟಿಯೂ ಒಂದು.

1997ರ ಮೇ 16ರಂದು ಅಧ್ಯಕ್ಷ ಕ್ಲಿಂಟನ್ ಶ್ವೇತಭವನದಲ್ಲಿ ದೇಶದ ಪರವಾಗಿ ಕ್ಷಮೆ ಕೇಳಿದರು. ಆಗ ಬದುಕಿದ್ದವರು 8 ಜನ; 5 ಮಂದಿ ಅಲ್ಲಿಗೆ ಹೋಗಿದ್ದರು. ಅವರ ಪರವಾಗಿ ಮಾತನಾಡಿದವರು 94ರ ಹರ್ಮನ್ ಷಾ. ಆ ಪಟ್ಟಿಯವರಲ್ಲಿ ಕೊನೆಯವರಾದ ಅರ್ನೆಸ್ಟ್ ಹೆಂಡನ್ 2004ರ ಜನವರಿಯಲ್ಲಿ, 96ರ ವಯಸ್ಸಿನಲ್ಲಿ ತೀರಿಕೊಂಡರು.